30 ಸೆಕೆಂಡಿನ ಸುತ್ತ ಒಂದು ಪಿಎಚ್‌ಡಿ

ನೋಂದಣಿ ಅರ್ಜಿಯಲ್ಲಿ ನಾನು ಬರೆದಿದ್ದ ಶೀರ್ಷಿಕೆ ಎರಡು ಸಾಲು ಉದ್ದ ಇತ್ತು. ಮುಂದಿನ ತಲೆಮಾರಿನ ಮೊಬೈಲ್ ಜಾಲ, ಎಐ, ಹೊಂದಿಕೊಳ್ಳುವ ಸೈಬರ್ ಭದ್ರತೆ, ಸ್ಲೈಸಿಂಗ್, ಎಡ್ಜ್, ಎಲ್ಲಾ ಅದರಲ್ಲೇ ತುಂಬಿದ್ದೆ. ನಮ್ಮ ಗೈಡ್ ಧಾರವಾಡ ಕಡೆಯವರು. ಓದಿ ಕನ್ನಡಕ ತೆಗೆದು, "ಇದ್ರಾಗ ಏನಿಲ್ಲ ಅಂತ ಹೇಳ್ರಿ ಮೊದ್ಲ" ಅಂದರು. ಆಮೇಲೆ ಪೆನ್ಸಿಲ್‌ನಲ್ಲಿ ಒಂದೊಂದೇ ಪದ ಹೊಡೆಯುತ್ತಾ ಹೋದರು. ಕೊನೆಗೆ ಉಳಿದದ್ದು ಇಷ್ಟು: ದಾಳಿ ನಡೆಯುತ್ತಿರುವಾಗ 5ಜಿ ಕೋರ್, ಅಂದರೆ ಟವರುಗಳ ಹಿಂದೆ ಕೂತು ಜಾಲ ನಡೆಸುವ ಕೇಂದ್ರ ಭಾಗ, ಏನು ಮಾಡಬೇಕು? ದಾಳಿಯನ್ನು ಹೇಗೆ ಕಂಡುಹಿಡಿಯಬೇಕು ಅಂತ ಅಲ್ಲ. ಕಂಡ ಮೇಲೆ ಏನು ಮಾಡಬೇಕು ಅಂತ. ಆ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಆವತ್ತು ನನಗೆ ಗೊತ್ತಾಗಿರಲಿಲ್ಲ.

ನಾನು ತುಮಕೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಪಿಎಚ್‌ಡಿ ಮಾಡಿದ್ದು ಪಾರ್ಟ್ ಟೈಮ್. ಕಾಲೇಜಿನಿಂದ ಎನ್‌ಒಸಿ, ಸಂದರ್ಶನ, ಕೋರ್ಸ್ ವರ್ಕ್ ಪರೀಕ್ಷೆ, ಆರು ತಿಂಗಳಿಗೊಮ್ಮೆ ಪ್ರಗತಿ ವರದಿ, ಅದಕ್ಕೆ ಗೈಡ್ ಸಹಿ, ಪ್ರಿನ್ಸಿಪಾಲ್ ಸಹಿ, ಚಲನ್. ಇದನ್ನು ವಿವರಿಸುವುದರಲ್ಲಿ ಅರ್ಥವಿಲ್ಲ, ಮಾಡಿದವರಿಗೆಲ್ಲ ಗೊತ್ತು. ಒಂದು ಮಾತು ಮಾತ್ರ ಹೇಳುತ್ತೇನೆ. ಪಾರ್ಟ್ ಟೈಮ್ ಸಂಶೋಧಕನಿಗೆ ನಿಜವಾದ ಕೆಲಸದ ಸಮಯ ಸಿಗುವುದು ಸೆಮಿಸ್ಟರ್ ಮುಗಿದು ಮೌಲ್ಯಮಾಪನ ಶುರುವಾಗುವ ನಡುವಿನ ಸಂದಿಯಲ್ಲಿ. ಅಷ್ಟರಲ್ಲಿ ಕೋರ್ಸುಗಳ ಮಾನ್ಯತೆಗೆ ಬೇಕಾದ ಎನ್‌ಬಿಎ ಫೈಲು ಬರುತ್ತದೆ.

ಮೊದಲ ಹಂತ ಓದುವುದು. ಮೊಬೈಲ್ ಜಾಲದ ಭದ್ರತೆ ಅಂತ ಹುಡುಕಿದರೆ ಸಿಗುವ ಪ್ರಬಂಧಗಳಲ್ಲಿ ಮುಕ್ಕಾಲು ಪಾಲು ಒಂದೇ ಅಚ್ಚಿನವು. ಒಂದು ಡೇಟಾಸೆಟ್, ಒಂದು ಹೊಸ ನ್ಯೂರಲ್ ನೆಟ್‌ವರ್ಕ್, ಶೇ 99ಕ್ಕಿಂತ ಜಾಸ್ತಿ ನಿಖರತೆ. ಕೆಲವರು ಈಗಲೂ ಕೆಡಿಡಿ ಕಪ್ 99 ಅನ್ನುವ ಹಳೆಯ ಡೇಟಾಸೆಟ್ ಬಳಸುತ್ತಾರೆ. ಅದರ ಮೂಲ 1998ರಲ್ಲಿ ಎಂಐಟಿ ಲಿಂಕನ್ ಲ್ಯಾಬ್‌ನಲ್ಲಿ ಸಿದ್ಧಪಡಿಸಿದ ಟ್ರಾಫಿಕ್. ಆಗ ನಮ್ಮೂರಲ್ಲಿ ಎಸ್‌ಟಿಡಿ ಬೂತ್ ಇತ್ತು. ಆ ಡೇಟಾದಿಂದ 6ಜಿಗೆ ಭದ್ರತೆ ಕೊಡುತ್ತೇವೆ ಅಂತ ಬರೆದವರಿದ್ದಾರೆ, ಅದನ್ನು ಅಚ್ಚು ಹಾಕಿದವರೂ ಇದ್ದಾರೆ.

ಈ 99ರ ಲೆಕ್ಕ ನನ್ನ ತಲೆ ಕೆಡಿಸಿದ್ದು ಹೀಗೆ. ದಿನಕ್ಕೆ 10 ಲಕ್ಷ ಫೋನ್ ರಿಜಿಸ್ಟ್ರೇಷನ್, ಅಂದರೆ ನನ್ನನ್ನು ಸೇರಿಸಿಕೊ ಅನ್ನುವ ಫೋನುಗಳ ಕೋರಿಕೆ, ಬರುವ ಒಂದು ಜಾಲ ಅಂದುಕೊಳ್ಳಿ. ಒಳ್ಳೆಯ ಫೋನನ್ನು ಕೆಟ್ಟದ್ದು ಅನ್ನುವ ತಪ್ಪು ನೂರಕ್ಕೆ ಒಂದು ಆದರೂ ದಿನಕ್ಕೆ 10,000 ಜನರ ಫೋನ್ ಸುಮ್ನೆ ಬಂದ್ ಆಗುತ್ತದೆ. ಪ್ರಬಂಧದಲ್ಲಿ ಅದು ಹೆಮ್ಮೆಯ ಅಂಕಿ. ಕಸ್ಟಮರ್ ಕೇರ್‌ನಲ್ಲಿ ಕೂತವರಿಗೆ ಅದು ನರಕ. 2010ರಲ್ಲೇ ಜಾಲ ಭದ್ರತೆಯ ಸಂಶೋಧಕರಾದ ರಾಬಿನ್ ಸೋಮರ್ ಮತ್ತು ವರ್ನ್ ಪ್ಯಾಕ್ಸನ್ ಈ ಮಾತನ್ನು ಬಿಡಿಸಿ ಬರೆದಿದ್ದರು. ಬೇರೆ ಕಡೆ ಗೆದ್ದ ಮಷೀನ್ ಲರ್ನಿಂಗ್ ಜಾಲದ ದಾಳಿ ಹಿಡಿಯುವುದರಲ್ಲಿ ಯಾಕೆ ಒದ್ದಾಡುತ್ತದೆ, ತಪ್ಪಿಗೆ ಇಲ್ಲಿ ಯಾಕೆ ಇಷ್ಟು ಬೆಲೆ ಅಂತ. ಅದನ್ನು ಓದಿದ ಮೇಲೆ ಗೈಡ್ ಹೊಡೆದುಹಾಕಿದ ಪದಗಳ ಬಗ್ಗೆ ನನಗಿದ್ದ ಬೇಜಾರು ಹೋಯಿತು.

ಆಪರೇಟರುಗಳಿಂದ ನಿಜವಾದ ಡೇಟಾ ಕೇಳಿ ನೋಡಿದೆವು. ಒಂದು ಕಂಪನಿ ನಯವಾಗಿ ಇಲ್ಲ ಅಂದಿತು, ಇನ್ನೊಂದು ಉತ್ತರವನ್ನೇ ಕೊಡಲಿಲ್ಲ. ಅವರನ್ನು ದೂರುವಂತಿಲ್ಲ, ಗ್ರಾಹಕರ ಮಾಹಿತಿಯನ್ನು ಯಾರಾದರೂ ಮೇಷ್ಟ್ರ ಕೈಗೆ ಕೊಡುತ್ತಾರಾ. ರೇಡಿಯೋ ಹಚ್ಚಿ ನಾವೇ ಒಂದು ಸಣ್ಣ ಟವರ್ ಎಬ್ಬಿಸೋಣ ಅಂದರೆ, ಮೊಬೈಲ್ ತರಂಗಗಳಲ್ಲಿ ಪರವಾನಗಿ ಇಲ್ಲದೆ ಪ್ರಸಾರ ಮಾಡುವಂತಿಲ್ಲ. ಪ್ರಯೋಗಕ್ಕೆ ಬೇಕಾದರೆ ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದಿಂದ ಅನುಮತಿ ತರಬೇಕು. ಅದು ಬೇಡ, ಎಲ್ಲಾ ಸಾಫ್ಟ್‌ವೇರ್‌ನಲ್ಲೇ ಮಾಡೋಣ ಅಂತ ತೀರ್ಮಾನ ಆಯಿತು.

ಇಲ್ಲಿ ಒಂದು ಸಂಗತಿಗೆ ನಿಜಕ್ಕೂ ಋಣಿ ನಾನು. 5ಜಿ ಹೇಗೆ ಕೆಲಸ ಮಾಡಬೇಕು ಅಂತ 3ಜಿಪಿಪಿ ಅನ್ನುವ ಅಂತರರಾಷ್ಟ್ರೀಯ ಒಕ್ಕೂಟ ಬರೆಯುವ ನಿಯಮಾವಳಿಗಳನ್ನು ಯಾರು ಬೇಕಾದರೂ ಪುಕ್ಕಟೆ ಡೌನ್‌ಲೋಡ್ ಮಾಡಬಹುದು. ಭದ್ರತೆಗೆ 33.501, ಫೋನ್ ಮತ್ತು ಕೋರ್ ನಡುವಿನ ಮಾತಿಗೆ 24.501. ಇವೆರಡನ್ನು ನಾನು ಪ್ರಿಂಟ್ ತೆಗೆಸಿ ಸ್ಪೈರಲ್ ಬೈಂಡ್ ಮಾಡಿಸಿದೆ. ಜೆರಾಕ್ಸ್ ಅಂಗಡಿಯವರು ಇದು ಯಾವ ಯೂನಿವರ್ಸಿಟಿ ಸಿಲೆಬಸ್ ಸರ್ ಅಂತ ಕೇಳಿದರು. ಇನ್ನು ಕೋರ್ ಬೇಕೆಂದರೆ ಓಪನ್5ಜಿಎಸ್ ಇದೆ. ಟವರ್ ಮತ್ತು ಫೋನ್ ಬೇಕೆಂದರೆ ಯುಇರಾನ್‌ಸಿಮ್ ಇದೆ. ಎರಡೂ ಮುಕ್ತ ತಂತ್ರಾಂಶ. ಯುಇರಾನ್‌ಸಿಮ್‌ನಲ್ಲಿ ರೇಡಿಯೋ ತರಂಗದ ಭಾಗ ಇಲ್ಲ, ಅದರ ಬದಲು ಸಾಮಾನ್ಯ ಕಂಪ್ಯೂಟರ್ ಜಾಲದ ಯುಡಿಪಿ ಪ್ಯಾಕೆಟ್. ನನಗೆ ಬೇಕಿದ್ದದ್ದು ಕೋರ್ ಕಡೆಯ ಮಾತುಕತೆ, ಹಾಗಾಗಿ ಸಾಕಾಯಿತು. ಲ್ಯಾಬಿನಲ್ಲಿ ಸ್ಕ್ರ್ಯಾಪ್‌ಗೆ ಹೋಗಬೇಕಿದ್ದ ಡೆಸ್ಕ್‌ಟಾಪ್‌ಗಳಿಗೆ ರ‍್ಯಾಮ್ ಹಾಕಿಸಿ ಉಬುಂಟು ತುಂಬಿಸಿದೆವು. ಕರೆಂಟ್ ಹೋದರೆ ಯುಪಿಎಸ್ ಕೂಗುವುದರೊಳಗೆ ಲಾಗ್ ಸೇವ್ ಮಾಡಬೇಕು, ಅಷ್ಟೇ ಕಷ್ಟ.

ಮೊದಲ ಸಾಫ್ಟ್‌ವೇರ್ ಫೋನ್ ನಮ್ಮ ಕೋರ್‌ಗೆ ರಿಜಿಸ್ಟರ್ ಆದಾಗ ವೈರ್‌ಶಾರ್ಕ್ ಅನ್ನುವ, ಪ್ಯಾಕೆಟ್ ಬಿಚ್ಚಿ ತೋರಿಸುವ ತಂತ್ರಾಂಶ ತೆರೆದು ಸಾಲು ಸಾಲಾಗಿ ನೋಡಿದೆ. ಫೋನ್ ರಿಜಿಸ್ಟ್ರೇಷನ್ ರಿಕ್ವೆಸ್ಟ್ ಕಳಿಸುತ್ತದೆ. ಕೋರ್‌ನಲ್ಲಿರುವ ಎಎಂಎಫ್, ಅಂದರೆ ಬಂದ ಫೋನುಗಳನ್ನು ಒಳಗೆ ಸೇರಿಸಿಕೊಳ್ಳುವ ಭಾಗ, ಅಥೆಂಟಿಕೇಷನ್ ರಿಕ್ವೆಸ್ಟ್ ಕಳಿಸಿ ನೀನು ನೀನೇನಾ ತೋರಿಸು ಅನ್ನುತ್ತದೆ. ಫೋನ್ ಉತ್ತರ ಕೊಡುತ್ತದೆ. ಸೆಕ್ಯುರಿಟಿ ಮೋಡ್ ಕಮಾಂಡ್, ಅದಕ್ಕೆ ಒಪ್ಪಿಗೆ, ರಿಜಿಸ್ಟ್ರೇಷನ್ ಆಕ್ಸೆಪ್ಟ್. ಕಣ್ಣು ಮಿಟುಕಿಸುವುದರಲ್ಲಿ ಮುಗಿಯಿತು. ನಾಲ್ಕು ವರ್ಷ ತರಗತಿಯಲ್ಲಿ ಬೋರ್ಡ್ ಮೇಲೆ ಬಾಣ ಹಾಕಿ ತೋರಿಸಿದ್ದನ್ನು ಮೊದಲ ಸಲ ಕಣ್ಣಾರೆ ಕಂಡ ಖುಷಿ ಇತ್ತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ದಾಳಿ ಮಾಡಿ ನೋಡಿದೆವು. ರಿಜಿಸ್ಟ್ರೇಷನ್ ಕೇಳಿ, ಎಎಂಎಫ್ ಪ್ರಶ್ನೆ ಕೇಳಿದಾಗ ಉತ್ತರ ಕೊಡದೆ ಸುಮ್ಮನಿದ್ದುಬಿಡುವ ಫೋನುಗಳು. ಇಲ್ಲಿ ನನ್ನ ಸಂಶೋಧನೆಯ ತಿರುಳು ಸಿಕ್ಕಿತು. ಉತ್ತರ ಬರದಿದ್ದರೆ ಎಎಂಎಫ್ ಎಷ್ಟು ಹೊತ್ತು ಕಾಯಬೇಕು ಅಂತ 24.501ರಲ್ಲಿ ಬರೆದಿದೆ. ಟಿ3560 ಅನ್ನುವ ಟೈಮರ್, 6 ಸೆಕೆಂಡ್. ಮುಗಿದರೆ ಮತ್ತೆ ಕೇಳಬೇಕು, ಹೀಗೆ 4 ಸಲ. ಐದನೇ ಸಲ ಟೈಮರ್ ಮುಗಿದರೆ ಕೈಬಿಡಬೇಕು. ಅಂದರೆ ಉತ್ತರ ಕೊಡದ ಒಂದೊಂದು ಸುಳ್ಳು ಫೋನಿಗೂ ಕೋರ್ 30 ಸೆಕೆಂಡ್ ಜಾಗ ಹಿಡಿದಿಟ್ಟುಕೊಂಡು ಕೂರುತ್ತದೆ. ದಾಳಿ ಮಾಡುವವನಿಗೆ ಆಗುವ ಖರ್ಚು ಒಂದು ಸಣ್ಣ ಸಂದೇಶ.

ಹಾಗಾದರೆ 6 ಸೆಕೆಂಡನ್ನು 2 ಮಾಡಿದರೆ ಆಯಿತಲ್ಲ? ನಾನೂ ಹಾಗೇ ಅಂದೆ. ಗೈಡ್, "ಸಿಗ್ನಲ್ ಒಂದೇ ಕಡ್ಡಿ ಇರೋ ಊರಾಗ ಇದ್ದವ್ರು ಏನ್ ಮಾಡ್ಬೇಕ್ರಿ?" ಅಂದರು. ಸೆಲ್‌ನ, ಅಂದರೆ ಟವರಿನ ವ್ಯಾಪ್ತಿಯ, ಅಂಚಿನಲ್ಲಿರುವ ಫೋನಿಗೆ ಮೊದಲ ಸಂದೇಶ ತಲುಪದೆ ಎರಡನೆಯದೋ ಮೂರನೆಯದೋ ತಲುಪುತ್ತದೆ. ಕಾಯುವ ಹೊತ್ತನ್ನು ಕಡಿಮೆ ಮಾಡಿದರೆ ಮೊದಲು ಹೊರಗುಳಿಯುವುದು ಅವರೇ. ದಾಳಿಕೋರನಿಗೆ ಏನೂ ಆಗಲ್ಲ. ಹಾಗಾಗಿ ಯಾವಾಗಲೂ ಒಂದೇ ಅಂಕಿ ಇಡುವಂತಿಲ್ಲ. ಒತ್ತಡ ಬಂದಾಗ ಕಡಿಮೆ ಮಾಡಬೇಕು, ಹೋದಾಗ ಹಿಂದಕ್ಕೆ ತರಬೇಕು, ಅದೂ ಯಾವ ಸೆಲ್‌ನಲ್ಲಿ ಅಂತ ನೋಡಿ. ನನ್ನ ಪಿಎಚ್‌ಡಿಯಲ್ಲಿ ಹೊಂದಿಕೊಳ್ಳುವುದು ಅಂದರೆ ಇದೇ.

ಯಾರು ದಾಳಿಕೋರ ಅಂತ ಗುರುತು ಹಿಡಿದು ಅವನನ್ನು ಮಾತ್ರ ತಡೆಯಬಹುದಲ್ವಾ ಅಂತ ಕೇಳಬಹುದು. ಇಲ್ಲೇ ಇರುವುದು ಮಜಾ. 4ಜಿ ತನಕ ಫೋನ್ ತನ್ನ ಕಾಯಂ ಗುರುತಿನ ಸಂಖ್ಯೆಯನ್ನು ಕೆಲವೊಮ್ಮೆ ಬಹಿರಂಗವಾಗಿಯೇ ಕಳಿಸುತ್ತಿತ್ತು. ಅದನ್ನು ಕದ್ದು ಕೇಳುವ ಸುಳ್ಳು ಟವರ್ ಯಂತ್ರಗಳು ಹುಟ್ಟಿಕೊಂಡದ್ದು ಅದರಿಂದಲೇ. 5ಜಿಯಲ್ಲಿ ಆ ಸಂಖ್ಯೆಯನ್ನು ಆಪರೇಟರ್‌ನ ಕೀಲಿಯಿಂದ ಗೂಢಲಿಪಿ ಮಾಡಿ ಕಳಿಸುವ ಏರ್ಪಾಡು ಬಂತು, ಅದರ ಹೆಸರು ಸುಸಿ. ಒಂದೇ ಫೋನ್ ಎರಡು ಸಲ ಸುಸಿ ಕಳಿಸಿದರೂ ಎರಡೂ ಬೇರೆ ಬೇರೆ ಕಾಣುತ್ತವೆ. ಪ್ರತಿ ಸಲವೂ ಹೊಸ ಲಕೋಟೆ ಅಂಟಿಸಿ ಕೊಟ್ಟ ಹಾಗೆ. ಗ್ರಾಹಕನ ಖಾಸಗಿತನಕ್ಕೆ ಇದು ಬಹಳ ಒಳ್ಳೆಯದು. ಆದರೆ ಬಾಗಿಲಲ್ಲಿ ನಿಂತ ಎಎಂಎಫ್‌ಗೆ ಈಗ ಬಂದವನೇ ಒಂದು ನಿಮಿಷದ ಹಿಂದೆಯೂ ಬಂದಿದ್ದನಾ ಅಂತ ತಿಳಿಯುವುದಿಲ್ಲ. ತಿಳಿಯಬೇಕೆಂದರೆ ಒಳಗೆ ಗ್ರಾಹಕರ ದಾಖಲೆ ಇಟ್ಟುಕೊಂಡಿರುವ ಯುಡಿಎಂ ಅದನ್ನು ಬಿಡಿಸಬೇಕು, ಬಿಡಿಸಲು ಲೆಕ್ಕಾಚಾರದ ಖರ್ಚು. ಸುಳ್ಳು ಲಕೋಟೆಯೂ ಆ ಖರ್ಚು ಮಾಡಿಸಿಯೇ ಸಿಕ್ಕಿಬೀಳುವುದು. ಅಂದಹಾಗೆ, ಫೋನಿನ ಮೇಲೆ 5ಜಿ ಅಂತ ತೋರಿಸಿದ ಮಾತ್ರಕ್ಕೆ ಇದೆಲ್ಲ ಇದೆ ಅಂತಲ್ಲ. ಭಾರತದಲ್ಲಿ 5ಜಿ ಶುರುವಾದದ್ದು 2022ರ ಅಕ್ಟೋಬರ್ 1ಕ್ಕೆ. ಜಿಯೋ ಹೊಸ 5ಜಿ ಕೋರ್ ಹಾಕಿತು, ಏರ್‌ಟೆಲ್ ಮೊದಲು 4ಜಿ ಕೋರ್ ಮೇಲೆಯೇ 5ಜಿ ರೇಡಿಯೋ ನಿಲ್ಲಿಸಿತು. ಎರಡನೇ ರೀತಿಯಲ್ಲಿ ಸುಸಿಗೆ ಕೆಲಸವೇ ಇಲ್ಲ.

ಹಾಗಾಗಿ ನನ್ನ ಕೈಯಲ್ಲಿ ಉಳಿದದ್ದು ವ್ಯಕ್ತಿಗಲ್ಲ, ಗುಂಪಿಗೆ ತಾಗುವ ಕ್ರಮಗಳು. ಟಿ3560 ಒಂದು. ಎರಡನೆಯದು, ಎಎಂಎಫ್ ಒಂದು ಟವರ್‌ಗೆ ಓವರ್‌ಲೋಡ್ ಸ್ಟಾರ್ಟ್ ಅನ್ನುವ ಸಂದೇಶ ಕಳಿಸಿ, ಬರುವ ಕೋರಿಕೆಗಳಲ್ಲಿ ಶೇಕಡಾ ಇಷ್ಟನ್ನು ಅಲ್ಲೇ ತಡೆ ಅನ್ನಬಹುದು. ಮೂರನೆಯದು ಟಿ3346. ಈಗ ಜಾಲ ತುಂಬಿದೆ, ಇಷ್ಟು ಹೊತ್ತು ಬಿಟ್ಟು ಬಾ ಅಂತ ಫೋನಿಗೇ ಹೇಳುವುದು. ತುರ್ತು ಕರೆಗೆ ಇದು ಅಡ್ಡ ಬರುವುದಿಲ್ಲ, ನಿಯಮದಲ್ಲೇ ಆ ವಿನಾಯಿತಿ ಇದೆ. ಈ ಮೂರನೆಯದು ನನಗೆ ತುಂಬಾ ಹಿಡಿಸಿತು. ಯಾಕೆಂದರೆ ನಿಜವಾದ ಫೋನ್ ಹೇಳಿದಷ್ಟು ಹೊತ್ತು ಕಾಯುತ್ತದೆ. ಅದರೊಳಗಿನ ಮೋಡೆಮ್ ನಿಯಮ ಮೀರುವುದಿಲ್ಲ. ದಾಳಿಗಾಗಿ ಬರೆದ ಸಾಫ್ಟ್‌ವೇರ್ ಕಾಯುವುದಿಲ್ಲ, ಕಾದರೆ ದಾಳಿಯೇ ಆಗುವುದಿಲ್ಲ. ಒಂದು ಸೆಲ್‌ಗೆ ಕಾಯಿರಿ ಅಂತ ಹೇಳಿ ಸುಮ್ನೆ ನೋಡಿದರೆ, ಕೋರಿಕೆಗಳ ಸಂಖ್ಯೆ ಇಳಿಯಿತಾ ಇಲ್ವಾ ಅನ್ನುವುದೇ ಒಂದು ಸಾಕ್ಷಿ. ಒಬ್ಬೊಬ್ಬರ ಗುರುತು ಬೇಕಿಲ್ಲ.

ಇದಕ್ಕೊಂದು ತೊಡಕಿದೆ. ಜಾಲದ ಮುದ್ರೆಯಿಲ್ಲದೆ, ಅಂದರೆ ಕೀಲಿಯ ರಕ್ಷಣೆ ಶುರುವಾಗುವ ಮೊದಲೇ, ಈ 'ಕಾಯುತ್ತಿರು' ಅನ್ನುವ ಸಂದೇಶ ಬಂದರೆ ಫೋನ್ ಅದರಲ್ಲಿ ಬರೆದ ಸಮಯವನ್ನು ನಂಬುವುದಿಲ್ಲ. ತಾನೇ ಒಂದು ಸಮಯ ಆರಿಸಿಕೊಳ್ಳುತ್ತದೆ. ಸುಳ್ಳು ಟವರ್ ಒಂದು ದಿನ ಪೂರ್ತಿ ಕಾಯಿ ಅಂತ ಹೇಳಿಬಿಟ್ಟರೆ ಅನ್ನುವ ಮುಂಜಾಗ್ರತೆ ಅದು, ಸರಿಯಾದದ್ದೇ. ಆದರೆ ನನ್ನ ಪರೀಕ್ಷೆಗೆ ಬೇಕಿದ್ದದ್ದು ಸಣ್ಣ, ಖಚಿತ ಸಮಯ. ಕೊನೆಗೆ ಈಗಾಗಲೇ ಜಾಲಕ್ಕೆ ಪರಿಚಯ ಇರುವ ಫೋನುಗಳಿಗೆ ಮಾತ್ರ ಆ ಕ್ರಮ ಬಳಸಿ, ಹೊಸಬರಿಗೆ ಮೊದಲೆರಡು ಕ್ರಮ ಬಳಸಿದೆ. ಪ್ರಬಂಧದ ನಾಲ್ಕನೇ ಅಧ್ಯಾಯ ಪೂರ್ತಿ ಇದೇ. ಓಪನ್5ಜಿಎಸ್‌ನ ಸಿ ಕೋಡ್ ತಿದ್ದಿ ಈ ಗುಂಡಿಗಳನ್ನೆಲ್ಲ ಹೊರಗಿನಿಂದ ತಿರುಗಿಸುವ ಹಾಗೆ ಮಾಡಲು ಒಂದು ಬೇಸಿಗೆ ರಜೆ ಹೋಯಿತು.

ಗುಂಡಿ ತಿರುಗಿಸುವವರು ಯಾರು? ಅದಕ್ಕೆ ರೀಇನ್‌ಫೋರ್ಸ್‌ಮೆಂಟ್ ಲರ್ನಿಂಗ್. ಪ್ರೋಗ್ರಾಂ ಒಂದು ಕ್ರಮ ತೆಗೆದುಕೊಳ್ಳುತ್ತದೆ, ಫಲ ಒಳ್ಳೆಯದಾದರೆ ಅಂಕ, ಕೆಟ್ಟದಾದರೆ ಕಳೆತ. ಎಎಂಎಫ್ ಬಿದ್ದುಹೋದರೆ ದೊಡ್ಡ ದಂಡ ಅಂತ ಇಟ್ಟಾಗ ಅದು ಬೇಗ ಒಂದು ಉಪಾಯ ಕಲಿತುಬಿಟ್ಟಿತು: ಯಾರನ್ನೂ ಒಳಗೆ ಬಿಡಬೇಡ. ಕೋರ್ ಆರಾಮಾಗಿ ಓಡುತ್ತಿದೆ, ಗ್ರಾಹಕ ಒಬ್ಬನೂ ಇಲ್ಲ. ಗೈಡ್ ಬಿದ್ದು ಬಿದ್ದು ನಕ್ಕರು. "ಸರ್ಕಾರಿ ಆಫೀಸ್ ಆತು ನೋಡ್ರಿ" ಅಂದರು. ಒಬ್ಬ ಒಳ್ಳೆಯ ಗ್ರಾಹಕನನ್ನು ಹೊರಗಿಟ್ಟರೆ ಎಷ್ಟು ಕಳೆಯಬೇಕು ಅನ್ನುವ ಒಂದು ಅಂಕಿಯ ಮೇಲೆ ನಾವಿಬ್ಬರೂ ತಿಂಗಳುಗಟ್ಟಲೆ ಜಗಳವಾಡಿದ್ದೇವೆ. ಅಲ್ಗಾರಿದಂ ಯಾವುದು ಅನ್ನುವುದಕ್ಕಿಂತ ಆ ಅಂಕಿ ಮುಖ್ಯ. ಬಹಳ ಪ್ರಬಂಧಗಳು ಅದನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತವೆ, ಅದು ನನಗೆ ಈಗಲೂ ಸಿಟ್ಟು ತರಿಸುತ್ತದೆ.

ಇನ್ನೊಂದು ದೊಡ್ಡ ಕೆಲಸ ಒಳ್ಳೆಯ ಜನರ ನೂಕುನುಗ್ಗಲನ್ನು ಸರಿಯಾಗಿ ಕಟ್ಟುವುದು. ಜನ ಸೇರಿದಲ್ಲೆಲ್ಲ ರಿಜಿಸ್ಟ್ರೇಷನ್ ಏರುತ್ತದೆ ಅಂದುಕೊಳ್ಳಬಾರದು. ಜಾತ್ರೆಗೆ ಜನ ನಿಧಾನಕ್ಕೆ ಬಂದು ಸೇರುತ್ತಾರೆ. ಆದರೆ ತುಂಬಿದ ರೈಲೊಂದು ಟ್ರ್ಯಾಕಿಂಗ್ ಏರಿಯಾದ (ಫೋನ್ ಎಲ್ಲಿದೆ ಅಂತ ಜಾಲ ಲೆಕ್ಕ ಇಡುವ ಪ್ರದೇಶ) ಗಡಿ ದಾಟಿದರೆ ಅದರಲ್ಲಿರುವ ಫೋನುಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ವರದಿ ಒಪ್ಪಿಸುತ್ತವೆ. ವಾರಕ್ಕೊಮ್ಮೆ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವ ನನಗೆ ಈ ಉದಾಹರಣೆ ಹೊಳೆಯದೆ ಇರುತ್ತದಾ. ವಿಮಾನ ಇಳಿದಾಗಲೂ ಅಷ್ಟೇ, ಎಲ್ಲರೂ ಒಟ್ಟಿಗೆ ಫ್ಲೈಟ್ ಮೋಡ್ ತೆಗೆಯುತ್ತಾರೆ. ಅದರಲ್ಲೂ ಅಂತರರಾಷ್ಟ್ರೀಯ ವಿಮಾನ ಆದರೆ ವಿದೇಶಿ ಸಿಮ್, ಇಲ್ಲಿನ ಎಎಂಎಫ್‌ಗೆ ಗುರುತಿಲ್ಲದ ಫೋನ್, ಒಂದೇ ಸೆಲ್‌ನಿಂದ ಹೊಸ ಹೊಸ ಸುಸಿಗಳ ಸುರಿಮಳೆ. ನೋಡಲು ಥೇಟ್ ದಾಳಿಯೇ. ವ್ಯತ್ಯಾಸ ಒಂದೇ, ಇವರು ಪ್ರಶ್ನೆಗೆ ಉತ್ತರ ಕೊಡುತ್ತಾರೆ. ಆ ಉತ್ತರ ಬರುವ ತನಕ ತಡೆದುಕೊಳ್ಳುವ ತಾಳ್ಮೆ ಪ್ರೋಗ್ರಾಂಗೆ ಇರಬೇಕು. ರೈಲು, ವಿಮಾನ ಎರಡನ್ನೂ ನಕಲು ಮಾಡಿ ತರಬೇತಿಗೆ ಹಾಕಿದ ಮೇಲೆಯೇ ಫಲಿತಾಂಶ ನಂಬುವಂತಾದದ್ದು.

ಟೆಸ್ಟ್‌ಬೆಡ್‌ನಲ್ಲೊಂದು ತಮಾಷೆಯೂ ನಡೆಯಿತು. ಒಂದು ದಿನ ನಮ್ಮ ಮಾದರಿ, ಅಂದರೆ ಕಲಿಯುವ ಪ್ರೋಗ್ರಾಂ, ಒಂದೇ ಒಂದು ತಪ್ಪಿಲ್ಲದೆ ದಾಳಿ ಹಿಡಿಯತೊಡಗಿತು. ನಮ್ಮ ಲ್ಯಾಬ್ ಇನ್‌ಸ್ಟ್ರಕ್ಟರ್ ಪ್ಯಾಕೆಟ್‌ಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ, "ಸಾರ್, ದಾಳಿದು ಎಲ್ಲಾ ಟಿಟಿಎಲ್ 63, ಒಳ್ಳೇದು ಎಲ್ಲಾ 64" ಅಂದರು. ಟಿಟಿಎಲ್ ಅಂದರೆ ಪ್ಯಾಕೆಟ್ ಒಂದೊಂದು ರೂಟರ್ ದಾಟಿದಾಗಲೂ ಒಂದೊಂದು ಕಡಿಮೆಯಾಗುವ ಅಂಕಿ. ದಾಳಿ ಕಳಿಸುವ ಕಂಪ್ಯೂಟರ್ ಒಂದು ರೂಟರ್ ಆಚೆ ಇತ್ತು, ಅಷ್ಟೇ. ಮಾದರಿ ಕಲಿತದ್ದು ನಮ್ಮ ಲ್ಯಾಬಿನ ವೈರಿಂಗ್. ಹೆಸರಾಂತ ಡೇಟಾಸೆಟ್‌ಗಳಲ್ಲೂ ಇಂಥ ಸುಳಿವುಗಳಿವೆ. ಆಸ್ಟ್ರೇಲಿಯಾದ ಯುಎನ್‌ಎಸ್‌ಡಬ್ಲ್ಯು-ಎನ್‌ಬಿ15ರಲ್ಲಿ ಟಿಟಿಎಲ್ ಒಂದನ್ನೇ ನೋಡಿ ಬಹಳಷ್ಟು ದಾಳಿಗಳನ್ನು ಬೇರ್ಪಡಿಸಬಹುದು.

ಪ್ರಕಟಣೆಯ ಕಥೆ ಚಿಕ್ಕದಾಗಿ ಮುಗಿಸುತ್ತೇನೆ. ಯುಜಿಸಿ 2022ರ ನಿಯಮದಲ್ಲಿ ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟಿಸಲೇಬೇಕು ಅನ್ನುವ ಕಡ್ಡಾಯ ತೆಗೆದರು. ನಾನು ಸೇರಿದ್ದು ಅದಕ್ಕೂ ಮೊದಲು, ಹಾಗಾಗಿ ನನಗೆ ಹಳೆಯ ನಿಯಮವೇ. ವಾಟ್ಸಾಪ್‌ನಲ್ಲಿ ದಿನಾ ಮೆಸೇಜ್: ಸ್ಕೋಪಸ್ (ಜರ್ನಲ್‌ಗಳ ಸೂಚಿ) ಗ್ಯಾರಂಟಿ, ಹತ್ತು ದಿನದಲ್ಲಿ ಅಕ್ಸೆಪ್ಟೆನ್ಸ್, ಕಂತಿನಲ್ಲಿ ಹಣ ಕೊಡಬಹುದು. ಪರಿಚಯದವರು ಕೆಲವರು ಕೊಟ್ಟೂ ಇದ್ದಾರೆ, ಅವರನ್ನು ಬೈಯಲು ಮನಸ್ಸಾಗಲ್ಲ. ಬಡ್ತಿ, ಸಂಬಳ ಎಲ್ಲಾ ಅದಕ್ಕೆ ಕಟ್ಟಿಹಾಕಿದ್ದಾರಲ್ಲ. ನಮ್ಮ ಲೇಖನ ಎರಡು ಕಡೆ ತಿರಸ್ಕಾರವಾಗಿ ಮೂರನೇ ಕಡೆ ಬಂತು. ಒಬ್ಬ ವಿಮರ್ಶಕರು ಕೇಳಿದ್ದು ಸರಿಯಾದ ಪ್ರಶ್ನೆ: ಇಷ್ಟು ಕೋರಿಕೆ ದಾಟಿದರೆ ತಡೆ ಅನ್ನುವ ಸರಳ ಮಿತಿ ನಿಯಮಕ್ಕಿಂತ ನಿಮ್ಮದು ಎಷ್ಟು ಉತ್ತಮ? ಹೋಲಿಸಿ ನೋಡಿದರೆ ಒಂದೇ ರೀತಿಯ ದಾಳಿ ಇದ್ದಾಗ ವ್ಯತ್ಯಾಸ ಅಷ್ಟಕ್ಕಷ್ಟೇ. ದಾಳಿ ರೂಪ ಬದಲಿಸಿದಾಗ, ರೈಲಿನ ಹೊತ್ತಿಗೇ ದಾಳಿಯೂ ಬಂದಾಗ ಕಲಿಯುವ ಪದ್ಧತಿ ಗೆಲ್ಲುತ್ತಿತ್ತು. ಹಾಗೇ ಬರೆದೆವು. ಲೇಖನ ಅದರಿಂದ ಗಟ್ಟಿಯಾಯಿತು.

ನಕಲು ಪರೀಕ್ಷೆಯಲ್ಲಿ ಶೇ 10ರ ಒಳಗಿದ್ದರೆ ತೊಂದರೆಯಿಲ್ಲ ಅಂತ 2018ರ ನಿಯಮ. ಆದರೆ 3ಜಿಪಿಪಿಯ ಸಂದೇಶಗಳ ಹೆಸರನ್ನು ಬೇರೆ ಮಾತಲ್ಲಿ ಹೇಳುವುದು ಹೇಗೆ? ಸಾಫ್ಟ್‌ವೇರ್ ನನ್ನ ಎರಡನೇ ಅಧ್ಯಾಯವನ್ನು ಹೋಳಿ ಆಡಿದ ಹಾಗೆ ಬಣ್ಣ ಬಣ್ಣ ಮಾಡಿ ಕೊಟ್ಟಿತು. ವಾಕ್ಯ ಒಡೆದು, ಚಿತ್ರ ಮಾಡಿ, ಹೇಗೋ ಇಳಿಸಿದೆ.

ವೈವಾ ದಿನ ಹೊರರಾಜ್ಯದಿಂದ ಬಂದ ಪರೀಕ್ಷಕರು ತಿರುಗುತ್ತಿದ್ದ ಫ್ಯಾನ್ ನೋಡುತ್ತಾ ಒಂದೇ ಪ್ರಶ್ನೆಯನ್ನು ಹಿಡಿದುಕೊಂಡರು. ದಾಳಿಕೋರನಿಗೆ ನಿಮ್ಮ ಉಪಾಯ ಗೊತ್ತಾಗಿ ಅವನೂ ಟಿ3346 ಪಾಲಿಸತೊಡಗಿದರೆ? ನಾನು ಹೇಳಿದೆ, ಆಗ ಅವನ ದಾಳಿಯ ವೇಗ ನಾವು ಹೇಳಿದಷ್ಟಕ್ಕೇ ಇಳಿಯುತ್ತದೆ ಸರ್, ನಮಗೆ ಬೇಕಿದ್ದದ್ದೂ ಅದೇ. ಅವರು ತಲೆಯಾಡಿಸಿದರು, ಆದರೆ ಬಿಡಲಿಲ್ಲ. ಪ್ರತಿ ಸಲ ಹೊಸಬನ ವೇಷದಲ್ಲಿ ಬಂದರೆ 'ಕಾಯುತ್ತಿರು' ಅನ್ನುವುದು ಯಾರಿಗೆ? ಅದಕ್ಕೆ ಆ ಸೆಲ್‌ಗೆ ಶೇಕಡಾವಾರು ತಡೆ ಒಂದೇ ದಾರಿ, ಅಲ್ಲಿರುವ ಒಳ್ಳೆಯವರೂ ಸ್ವಲ್ಪ ಹೊತ್ತು ಅನುಭವಿಸಬೇಕಾಗುತ್ತದೆ ಅಂದೆ. ಎಷ್ಟು ಹೊತ್ತು, ಎಷ್ಟು ಜನ ಅಂತ ಗ್ರಾಫ್ ತೋರಿಸಿದೆ. ಹಿಂದಿನ ಸಾಲಿನಲ್ಲಿದ್ದ ವಿದ್ಯಾರ್ಥಿಗಳು ಸಮೋಸ ಬರುವ ಬಾಗಿಲನ್ನೇ ನೋಡುತ್ತಿದ್ದರು.

ಪ್ರಬಂಧ ಈಗ ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿದೆ. ಹೊಸಬನ ವೇಷದ ಆ ಕೊನೆಯ ಪ್ರಶ್ನೆ ಮಾತ್ರ ಹಾಗೇ ಇದೆ. 3ಜಿಪಿಪಿ ತನ್ನ ನಿಯಮಾವಳಿಯ ಹೊಸ ಆವೃತ್ತಿಯಾದ ರಿಲೀಸ್ 20ರಲ್ಲಿ 6ಜಿ ಅಧ್ಯಯನ ಶುರು ಮಾಡಿದೆ, ಹಾಗಾಗಿ ನಿಯಮ ಬದಲಿಸಲು ಇದೇ ಹೊತ್ತು. ಈಗ ನಮ್ಮ ಎಂ.ಟೆಕ್ ಹುಡುಗಿಯೊಬ್ಬಳು ಅದರ ಹಿಂದೆ ಬಿದ್ದಿದ್ದಾಳೆ. ಒತ್ತಡ ಇದ್ದಾಗ ಮಾತ್ರ, ಲಕೋಟೆ ಬಿಡಿಸುವ ಮೊದಲು ಬಂದವನಿಗೇ ಒಂದು ಸಣ್ಣ ಲೆಕ್ಕ ಬಿಡಿಸಲು ಕೊಡುವುದು ಅವಳ ಆಲೋಚನೆ. ಫೋನಿಗಾದರೆ ಅದು ಲೆಕ್ಕಕ್ಕೇ ಇಲ್ಲ. ಒಂದೇ ಬ್ಯಾಟರಿಯಲ್ಲಿ ವರ್ಷಗಟ್ಟಲೆ ಓಡಬೇಕಾದ, ಮೊಬೈಲ್ ಜಾಲಕ್ಕೆ ಸೇರಿಸಿದ ನೀರಿನ ಮೀಟರ್‌ಗೆ ಆ ಲೆಕ್ಕ ಎಷ್ಟು ದುಬಾರಿ ಅಂತ ಅವಳು ಈ ಸೆಮಿಸ್ಟರ್‌ನಲ್ಲಿ ಅಳೆಯಬೇಕು.